ಕಲ್ಲಿನ ಕತ್ತಿಗೆ ಮರದ ಒರೆ

ಬೇಗೂರಿನ ವೀರಗಲ್ಲೊಂದು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದಿ ಮಡಿದ ಕಥೆ ಅದರದು. ಆನೆ, ಕುದುರೆ, ಬಿಲ್ಲಾಳುಗಳು, ಕತ್ತಿ ಎತ್ತಿದವರು, ಬಿದ್ದವರು, ಎಲ್ಲರೂ ಒಂದೇ ಬಂಡೆಯಲ್ಲಿ ಕಿಕ್ಕಿರಿದಿದ್ದಾರೆ. ಬೆಂಗಳೂರಿನ ಹೆಸರು ಕಾಣುವ, ಸುಮಾರು ಕ್ರಿ.ಶ. 900ರ ಶಾಸನವೂ ಬೇಗೂರಿನದೇ, ಅದರಲ್ಲೂ ಕಾಳೆಗವೇ. ಬಿಟಿಎಂ ಬಡಾವಣೆ ದಾಟಿ ಸ್ವಲ್ಪ ಮುಂದೆ ಹೋದರೆ ಸಿಗುವ ಈ ಊರು ನನ್ನ ಹುಚ್ಚಿಗೆ ತವರು.

ಜೆ.ಪಿ. ನಗರದ ಮನೆಯ ತಾರಸಿಯಲ್ಲಿ ನಾನು ಹಳೆಯ ಶಿಲ್ಪಗಳ ಕತ್ತಿಗಳನ್ನು ಮರದಲ್ಲಿ ಮಾಡುತ್ತೇನೆ. ಒಂಬತ್ತು ಇಂಚು ಮೀರಿದ ಹರಿತವಾದ ಅಲಗಿಗೆ ಆಯುಧ ಕಾಯ್ದೆಯ ಕಟ್ಟುಪಾಡುಗಳಿವೆ, ಅದು ಸರಿಯೇ. ನನಗೆ ಬೇಕಿರುವುದು ಆಕಾರ. ಶಿಲ್ಪಿ ಅಲಗಿನ ಬದಿಯನ್ನಷ್ಟೇ ತೋರಿಸಿರುತ್ತಾನೆ. ಬೆನ್ನು ಎಷ್ಟು ದಪ್ಪವಿತ್ತು, ಹಿಡಿ ಅಂಗೈಗೆ ಹೇಗೆ ಕೂರುತ್ತಿತ್ತು ಎಂಬುದನ್ನು ಅರ ಉಜ್ಜುತ್ತ ಉಜ್ಜುತ್ತ ಕೈಯೇ ಹುಡುಕಿಕೊಳ್ಳಬೇಕು.

ಒರೆಯ ಕೆಲಸ ಇದಕ್ಕಿಂತ ಸೊಗಸು. ಕಾಳೆಗದ ಕಲ್ಲಿನಲ್ಲಿ ಕತ್ತಿಗಳೆಲ್ಲ ಹಿರಿದೇ ಇರುತ್ತವೆ, ಹಾಗಾಗಿ ಒರೆಯನ್ನು ಅಲಗಿನಿಂದಲೇ ಊಹಿಸಬೇಕು. ಹಿಡಿಯ ಬಳಿ ಕಿರಿದಾಗಿ ಮೊನೆಯ ಹತ್ತಿರ ಅಗಲವಾಗುವ ಅಲಗು ನನಗೆ ಅಚ್ಚುಮೆಚ್ಚು. ಅದರ ಒರೆಯ ಬಾಯಿ ಅಲಗಿನ ಅತ್ಯಂತ ಅಗಲವಾದ ಜಾಗಕ್ಕೆ ಸರಿಯಾಗಿರಲೇಬೇಕು, ಇಲ್ಲದಿದ್ದರೆ ಒಳಗೇ ಹೋಗದು. ಅಷ್ಟು ಅಗಲ ಬಿಟ್ಟರೆ ಒಳಗೆ ಹೋದ ಕತ್ತಿ ಬಾಯಿಯ ಬಳಿ ಲಟಲಟ ಅಲ್ಲಾಡುತ್ತದೆ. ಹಿಡಿಯ ಬುಡಕ್ಕೆ ಒರೆಯ ಬಾಯಿ ತುಂಬುವಂಥ ಮರದ ಪಟ್ಟಿ ಕೂರಿಸಿದೆ. ಈಗ ಒರೆಯನ್ನು ತಲೆಕೆಳಗು ಮಾಡಿದರೂ ಕತ್ತಿ ಬೀಳದು, ಹೆಬ್ಬೆರಳಿನಿಂದ ಒತ್ತಿದರೆ ಸಲೀಸಾಗಿ ಬರುತ್ತದೆ. ಆ ಒಂದು ಜಾರುವಿಕೆಗಾಗಿ ಎಷ್ಟು ಸಂಜೆ ಬೇಕಾದರೂ ಕೊಡಬಹುದು!

ಒರೆಗೆ ಹಾಲೆ ಮರ ತರುತ್ತೇನೆ, ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಅದೇ ಬಿಳಿಯ, ನಯವಾದ, ಹಗುರ ಮರ. ಎರಡು ಹೋಳುಗಳ ಒಳಮೈಯನ್ನು ಉಳಿಯಿಂದ ತೋಡಬೇಕು. ಅಲಗಿಗೆ ಕಾಡಿಗೆ ಸವರಿ ಒಳಗಿಟ್ಟು ಒತ್ತಿ ತೆಗೆದರೆ, ಎಲ್ಲಿ ತಾಗುತ್ತದೋ ಅಲ್ಲಿ ಕಪ್ಪು ಹತ್ತುತ್ತದೆ. ಅಷ್ಟನ್ನೇ ಕೆರೆದು ಮತ್ತೆ ಸವರಿ ಮತ್ತೆ ಒತ್ತುವುದು. ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದ ಈ ಒಳಮೈಯ ಮೇಲೆಯೇ ನನ್ನ ಪ್ರೀತಿ ಹೆಚ್ಚು. ಜುಲೈ ಜಡಿಮಳೆಗೆ ಮರ ಉಬ್ಬುವುದರಿಂದ ಒಳಗೆ ಕೂದಲೆಳೆಯಷ್ಟು ಸಡಿಲ ಬಿಡುತ್ತೇನೆ. ಆಮೇಲೆ ಹೋಳುಗಳನ್ನು ಅಂಟಿಸಿ, ದಾರ ಸುತ್ತಿ ಬಿಗಿದು, ನೆನೆಸಿದ ಮೇಕೆ ಚರ್ಮ ಹೊದಿಸಿ ಹಿಂದಿನಿಂದ ಹೊಲಿಯುವುದು. ಒಣಗುತ್ತ ಒಣಗುತ್ತ ಚರ್ಮ ತಾನೇ ಮರವನ್ನು ಬಿಗಿದುಕೊಳ್ಳುತ್ತದೆ.

ತುದಿಗೆ ಹಿತ್ತಾಳೆ ತಗಡಿನ ಟೊಪ್ಪಿ ಬಡಿಯುತ್ತಿದ್ದೇನೆ. ಒರೆಯನ್ನು ಸೊಂಟಕ್ಕೆ ಹೇಗೆ ತೂಗಿಹಾಕುತ್ತಿದ್ದರು ಎಂಬುದು ಇನ್ನೂ ಬಾಕಿ. ಅದಕ್ಕೆ ಕಾಳೆಗ ಬಿಟ್ಟು, ಸುಮ್ಮನೆ ನಿಂತ ವೀರರ ಕಲ್ಲುಗಳನ್ನು ಹುಡುಕಿಕೊಂಡು ಹೋಗಬೇಕು.