ದೀಪ ಹಚ್ಚುವ ಹೊತ್ತು

ಪ್ರತಿ ವರ್ಷ ಶಾಲೆ ಶುರುವಾದ ವಾರದಲ್ಲಿ ‘ಬೇಸಿಗೆ ರಜೆಯನ್ನು ನಾನು ಕಳೆದ ಬಗೆ’ ಎಂದು ಮಕ್ಕಳಿಗೆ ಪ್ರಬಂಧ ಬರೆಯಲು ಕೊಡುವುದು ನನ್ನ ಹಳೆಯ ಅಭ್ಯಾಸ. ಅಜ್ಜಿ ಮನೆ, ಮಾವಿನಹಣ್ಣು, ಚಿಕ್ಕಪ್ಪನ ಮದುವೆ, ಕೊನೆಗೆ ‘ರಜೆ ಮುಗಿದದ್ದೇ ಗೊತ್ತಾಗಲಿಲ್ಲ’ ಎಂಬ ಒಂದು ವಾಕ್ಯ. ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ನೀವು ಹೇಗೆ ಕಳೆದ್ರಿ ಟೀಚರ್?” ಎಂದು ಕೇಳಿಬಿಟ್ಟಳು. ಉತ್ತರಪತ್ರಿಕೆಗಳ ಮೌಲ್ಯಮಾಪನ, ಹಪ್ಪಳ ಸಂಡಿಗೆ, ಬಂದು ಹೋಗುವ ನೆಂಟರು, ಇವನ್ನೆಲ್ಲ ಕಳೆದರೆ ಉಳಿದದ್ದು ಏನೂ ಇರಲಿಲ್ಲ. ಹೇಳಿಕೊಳ್ಳುವಂಥ ರಜೆ ನನಗೆ ಸಿಕ್ಕಿದ್ದು ಅದಾದ ಮೇಲೆ, 2016ರ ಮೇ ತಿಂಗಳಲ್ಲಿ, ಕೆಮ್ಮಣ್ಣುಗುಂಡಿಯಲ್ಲಿ. ಅದೂ ಮೂರೇ ಮೂರು ಸಂಜೆ.

ನನ್ನ ತವರು ತರೀಕೆರೆ. ಅಮ್ಮ ಮದುವೆಯಾಗಿ ಆ ಮನೆಗೆ ಬಂದದ್ದು 1962ರಲ್ಲಿ. ಹಿತ್ತಲಿಗೆ ಬಂದು ನಿಂತರೆ ದಕ್ಷಿಣಕ್ಕೆ ಬಾಬಾಬುಡನ್ ಗಿರಿಗಳ ಸಾಲು ಕಾಣುತ್ತದೆ. ಸಂಜೆ ಬಾವಿಕಟ್ಟೆಯ ಹತ್ತಿರ ಪಾತ್ರೆ ತೊಳೆಯುತ್ತ ಬೆಟ್ಟ ನೀಲಿಯಾಗುವುದನ್ನು, ಬೇಸಿಗೆಯಲ್ಲಿ ಒಣಹುಲ್ಲಿಗೆ ಬಿದ್ದ ಬೆಂಕಿ ರಾತ್ರಿ ಸರದ ಹಾಗೆ ಹರಿಯುವುದನ್ನು ನೋಡಿಕೊಂಡೇ ಆಕೆ ಐವತ್ತನಾಲ್ಕು ವರ್ಷ ಕಳೆದಿದ್ದಳು. ಒಂದೂವರೆ ಗಂಟೆಯ ದಾರಿ. ಆದರೂ ಒಂದು ಸಲವೂ ಮೇಲೆ ಹೋದವಳಲ್ಲ.

ಅಪ್ಪ ತೀರಿಕೊಂಡ ಮೇಲೆ ಅವಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ನಾನೇ ಹಟ ಹಿಡಿದು ತೋಟಗಾರಿಕೆ ಇಲಾಖೆಯ ಅತಿಥಿಗೃಹದಲ್ಲಿ ಕೋಣೆ ಕಾದಿರಿಸಿದೆ. ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿಯಲ್ಲಿ ಇಳಿದು, ಜಲಪಾತದ ಬುಡದ ವೀರಭದ್ರನಿಗೆ ಕೈಮುಗಿದು ಘಾಟಿ ಹತ್ತಿದೆವು. ದಾರಿಯುದ್ದಕ್ಕೂ ನನ್ನ ಪಾಠ ನಡೆದೇ ಇತ್ತು. ಇದು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆಯ ಬಿಡಾರ, ಅದಕ್ಕೇ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಲ್ಲಿಂದಲೇ ಅದಿರು ಇಳಿಯುತ್ತಿತ್ತು. ಎತ್ತರ 1434 ಮೀಟರ್, ನೂರು ಮೀಟರ್ ಏರಿದರೆ ಉಷ್ಣಾಂಶ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಇಳಿಯುತ್ತದೆ. ಅಮ್ಮ ಸೆರಗು ಹೊದ್ದುಕೊಂಡು, “ತಣ್ಣಗಿದೆ ಅನ್ನೋಕೆ ಇಷ್ಟೆಲ್ಲ ಲೆಕ್ಕ ಬೇಕೇನೇ?” ಎಂದಳು.

ಮೊದಲ ಸಂಜೆ ಇಬ್ಬರಿಗೂ ಕಷ್ಟವಾಯಿತು. ಹುಲ್ಲುಹಾಸಿನ ಅಂಚಿನಲ್ಲಿ ಬೆಂಚು, ಹಿಂದೆ ಗುಲಾಬಿ ಪಾತಿ, ಮುಂದೆ ಕಣಿವೆ, ಯಾರೋ ಮಾಡಿ ತಂದುಕೊಟ್ಟ ಕಾಫಿ. ಇನ್ನೇನು ಬೇಕು? ಆದರೆ ಕೈಗಳಿಗೆ ಇದು ತಿಳಿಯಬೇಕಲ್ಲ! ಆರು ಗಂಟೆಯಾದರೆ ಅವು ತಾವಾಗಿಯೇ ಅಕ್ಕಿ ಆರಿಸಲು, ಹೂ ಕಟ್ಟಲು, ನೋಟ್ಸ್ ತಿದ್ದಲು ಹೊರಡುತ್ತವೆ. ಅಮ್ಮ ಎದ್ದುಹೋಗಿ ಲೋಟ ತೊಳೆದಿಟ್ಟು ಬಂದಳು. ಅಲ್ಲಿಯ ಆಳು ನಾಚಿಕೊಂಡ. ಹೊತ್ತು ಮುಳುಗುತ್ತಿದ್ದ ಹಾಗೆ, “ದೀಪ ಹಚ್ಚೋ ಹೊತ್ತಾಯ್ತು, ಮನೇಲಿ ಯಾರೂ ಇಲ್ಲ” ಎಂದು ಒಳಗೆ ಹೊರಟೇಬಿಟ್ಟಳು. ನಾನೂ ಹಿಂದೆಯೇ ಹೋದೆ. ಇಷ್ಟು ದೂರ ಬಂದು, ಸೂರ್ಯ ಮುಳುಗುವ ಗಳಿಗೆಯಲ್ಲಿ ನಾವಿಬ್ಬರೂ ಕೋಣೆಯೊಳಗೆ ಹಾಸಿಗೆ ಕೊಡವುತ್ತಿದ್ದೆವು.

ಎರಡನೆಯ ಸಂಜೆ ಬಯಲಿನ ಮೇಲೆ ಮೋಡ ಕವಿಯಿತು. ನಮ್ಮ ತಲೆಯ ಮೇಲೆ ನಿರ್ಮಲ ಆಕಾಶ, ಕೆಳಗೆ ದೂರದಲ್ಲಿ ಮಿಂಚು. ಆಳು ಬಂದು, ಹತ್ತಿರದ ದೀಪಗಳು ಲಿಂಗದಹಳ್ಳಿ, ಆಚೆಯ ದೊಡ್ಡ ಗುಂಪು ತರೀಕೆರೆ ಎಂದು ತೋರಿಸಿದ. ಅಮ್ಮ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಂತೆಯೇ ಆ ದೊಡ್ಡ ಗುಂಪು ಫಕ್ಕನೆ ಆರಿತು. “ಕರೆಂಟ್ ಹೋಯ್ತು ಕಣೇ!” ಎಂದು ಆಕೆ ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಜೀವಮಾನವೆಲ್ಲ ಒಳಗಿದ್ದು ಅನುಭವಿಸಿದ ಕರೆಂಟಿನ ಕಾಟವನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು.

ಆ ಕತ್ತಲೆಯಲ್ಲಿ, ಕೇಳದೆಯೇ ಹೇಳತೊಡಗಿದಳು. ಮದುವೆಯಾದ ಎರಡನೆಯ ವರ್ಷ ಇಲ್ಲಿ ಗಣಿಯ ಕೆಲಸದಲ್ಲಿದ್ದ ಅಪ್ಪನ ಸ್ನೇಹಿತರೊಬ್ಬರು ಇಬ್ಬರನ್ನೂ ಕರೆದಿದ್ದರಂತೆ. ಸೀರೆಯನ್ನೂ ಮಡಿಸಿಟ್ಟುಕೊಂಡಿದ್ದಳು. ಅಜ್ಜಿ ಬೇಡ ಎನ್ನಲಿಲ್ಲ, “ಸಂಜೆ ದೀಪ ಹಚ್ಚೋರು ಯಾರು?” ಎಂದಷ್ಟೇ ಕೇಳಿದರು. ಅಪ್ಪ ಒಬ್ಬರೇ ಹೋದರು.

“ಅವತ್ತು ಸಂಜೆ ದೇವರ ದೀಪ ಹಚ್ಚಿ, ಲಾಂದ್ರ ತಗೊಂಡು ಹಿತ್ತಲಿಗೆ ಹೋಗಿ ಎತ್ತಿ ಹಿಡ್ಕೊಂಡಿದ್ದೆ. ನಿಮ್ಮಪ್ಪಂಗೆ ಕಾಣುತ್ತೇನೋ ಅಂತ. ಹುಚ್ಚು ನೋಡು, ಇಷ್ಟು ದೂರ ಲಾಂದ್ರ ಕಾಣುತ್ತಾ?”

“ಅಪ್ಪನಿಗೆ ಹೇಳಿದ್ಯಾ?”

“ಏನಂತ ಹೇಳ್ಲಿ?”

ನನ್ನ ಬಾಯಿ ಕಟ್ಟಿಹೋಯಿತು. ಕಾರಣ ಅಮ್ಮನ ಕತೆಯೊಂದೇ ಅಲ್ಲ. ಕಾಲೇಜಿನ ಗೆಳತಿಯರ ಜೊತೆ ಎರಡು ದಿನ ಬೆಟ್ಟಕ್ಕೆ ಹೋಗಿಬರುತ್ತೇನೆಂದು ನನ್ನ ಮಗಳು ಹಿಂದಿನ ತಿಂಗಳಷ್ಟೇ ಕೇಳಿದ್ದಳು. ನಾನೂ ಬೇಡ ಎಂದಿರಲಿಲ್ಲ. “ಹೋಗು, ದೀಪ ಹಚ್ಚೋ ಹೊತ್ತಿಗೆ ಮನೇಲಿರು” ಎಂದಿದ್ದೆ. ಅವಳು ಸುಮ್ಮನೆ ತನ್ನ ಕೋಣೆಗೆ ಹೋಗಿದ್ದಳು. ಅಜ್ಜಿ ಓದಿದವರಲ್ಲ. ನಾನು ಬಿ.ಎ., ಬಿ.ಎಡ್. ಮಾತು ಮಾತ್ರ ಅದೇ.

ಮೂರನೆಯ ಸಂಜೆ ಅಮ್ಮ ತಾನೇ ಮೊದಲು ಬಂದು ಬೆಂಚಿನಲ್ಲಿ ಕೂತಿದ್ದಳು. ಕಣಿವೆಯ ಬಿಸಿಗಾಳಿ ಮೇಲೇರುತ್ತ ತಣಿದು ಮಂಜಾಗುವುದನ್ನು ನಾನು ಪಾಠದಲ್ಲಿ ಎಷ್ಟು ಸಲ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದ್ದೇನೋ! ಈಗ ಅದು ಕಾಲ ಬಳಿಯೇ ಹತ್ತಿ ಬಂದು ಹುಲ್ಲಿನ ಮೇಲೆ ಹರಡುತ್ತಿತ್ತು. ಪಾಠ ಹೇಳಬೇಕೆನಿಸಲಿಲ್ಲ. ಕೆಂಪು ಮಣ್ಣು ಇನ್ನಷ್ಟು ಕೆಂಪಾಗಿ, ಆಮೇಲೆ ಕಪ್ಪಾಯಿತು. ಒಂದೊಂದೇ ಊರಿನ ದೀಪ ಹತ್ತಿತು. ನನ್ನ ಮಡಿಲಲ್ಲಿ ಕೈಗಳು ಸುಮ್ಮನಿದ್ದವು. ಐವತ್ತರ ಹತ್ತಿರ ಬಂದ ನಾನು ಅಮ್ಮನ ಪಕ್ಕದಲ್ಲಿ ಕೆಲಸವಿಲ್ಲದೆ ಕೂತ ಮೊದಲ ಸಂಜೆ ಅದಿರಬೇಕು. “ಒಳಗೆ ಹೋಗೋಣವಾ?” ಎಂದೆ. “ಇರೇ, ಇನ್ನೊಂದು ಗಳಿಗೆ” ಎಂದಳು.

ಮರುವರ್ಷ ಮೇ ತಿಂಗಳಲ್ಲಿ ನನ್ನ ಮಗಳು ಗೆಳತಿಯರ ಜೊತೆ ಕೆಮ್ಮಣ್ಣುಗುಂಡಿಗೆ ಹೋದಳು. ಹೊರಡುವಾಗ ನಾನು ದೀಪದ ಮಾತೆತ್ತಲಿಲ್ಲ, ಸ್ವೆಟರ್ ಮರೆಯಬೇಡ ಎಂದೆ. ಮರುದಿನ ಬೆಳಿಗ್ಗೆ ತರೀಕೆರೆಯಿಂದ ಅಮ್ಮನ ಫೋನು. “ರಾತ್ರಿಯೆಲ್ಲ ಹಿತ್ತಲ ಲೈಟ್ ಹಾಕಿಟ್ಟಿದ್ದೆ. ಕಂಡಿತಾ ಅಂತ ಮಗಳನ್ನು ಕೇಳು.”

ಕೇಳಿದೆ. ಬರೀ ಮಂಜು, ಊರೇ ಕಾಣಲಿಲ್ಲ ಎಂದಳು. ಸುಳ್ಳು ಹೇಳಲು ಮನಸ್ಸಾಗದೆ ಅಮ್ಮನಿಗೆ ಇದ್ದದ್ದನ್ನೇ ಹೇಳಿದೆ.

“ಹೋಗ್ಲಿ ಬಿಡು” ಎಂದಳು ಅಮ್ಮ. “ಅವಳು ಹೋಗಿದ್ದಳಲ್ಲ.”