ತಾನೇ ಕಣ್ಣು ಮುಚ್ಚುವ ಯಂತ್ರ

ಹೋದ ಬೇಸಗೆಯಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ವಿಚಿತ್ರ ವ್ಯಾಧಿಯೊಂದು ತಗುಲಿಕೊಂಡಿತು. ಗುಂಡಿಯೊತ್ತಿದರೆ ಏಳುವುದು, 3 ನಿಮಿಷ ಕಳೆಯುವುದರೊಳಗೆ ಹೇಳದೆ ಕೇಳದೆ ಕಣ್ಣು ಮುಚ್ಚುವುದು. ಪ್ಲಗ್ಗು ಬದಲಿಸಿದೆ, ಯುಪಿಎಸ್ ತಪ್ಪಿಸಿ ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಿದೆ. ಫಲವಾಗಲಿಲ್ಲ. ತೀರಿಕೊಂಡ ನನ್ನ ತಾಯಿ ಹಾಡಿದ್ದ 12 ಹಾಡುಗಳು ಅದರ ಹೊಟ್ಟೆಯಲ್ಲಿದ್ದವು, ಬೇರೆಲ್ಲಿಯೂ ಪ್ರತಿಯಿರಲಿಲ್ಲ. ನನಗುಂಟಾದ ದಿಗಿಲು ಸಿಟ್ಟಾಗಿ ಮಗನ ಮೇಲೆ ತಿರುಗಿತು. “ಹಗಲಿರುಳೂ ಆಟವಾಡಿ ಕೆಡಿಸಿಬಿಟ್ಟೆ” ಎಂದು ಗದರಿದೆ. ಅವನು ಮರುಮಾತಾಡಲಿಲ್ಲ.

ರಿಪೇರಿಯ ಹುಡುಗ ಬಂದ. “ಒಂದೆರಡು ಸೆಕೆಂಡಿನಲ್ಲೇ ನಿಂತರೆ ಪವರ್ ಸಪ್ಲೈ ಮೇಲೆ ಸಂಶಯ, ಸಾರ್. ಕೆಲವು ನಿಮಿಷ ನಡೆದು ನಿಂತರೆ ಮೊದಲು ಬಿಸಿಯನ್ನು ನೋಡಬೇಕು” ಎಂದು ತಿರುಪು ಬಿಚ್ಚಿದ. ಪ್ರೊಸೆಸರಿನ ಮೇಲಿನ ಫ್ಯಾನು ಧೂಳಿನ ಕಂಬಳಿ ಹೊದ್ದು ನಿಂತೇಹೋಗಿತ್ತು. ಶಾಖವು 100 ಡಿಗ್ರಿಯ ಆಸುಪಾಸಿಗೇರಿದಾಗ, ಸುಟ್ಟುಹೋಗುವ ಬದಲು ಯಂತ್ರ ತಾನೇ ನಿಂತುಬಿಡುತ್ತಿತ್ತಂತೆ! ಅವನು ಧೂಳು ತೆಗೆದು, ಒಣಗಿದ್ದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚಿ, ಫ್ಯಾನು ಬದಲಿಸಿದ.

“ಇದನ್ನು ಗೋಡೆಗೊತ್ತಿ ಬಟ್ಟೆ ಹೊದಿಸಿದವರಾರು, ಸಾರ್? ಗಾಳಿಯಾಡುವುದೆಲ್ಲಿ?”

ಹೊದಿಸಿದವನು ನಾನೇ; ಧೂಳು ಬೀಳದಿರಲೆಂದು!

ಅಂದು ಸಂಜೆ ಹಾಡುಗಳನ್ನೆಲ್ಲ ಮೊದಲು ಪೆನ್‌ಡ್ರೈವಿಗಿಳಿಸಿದೆ. ತಾಯಿಯ ದನಿ ಕೇಳುತ್ತಿದ್ದಂತೆ ಮಗ ಬಾಗಿಲಲ್ಲಿ ಬಂದು ನಿಂತ. “ತಪ್ಪು ನನ್ನದಪ್ಪ” ಎಂದೆ. ಅವನು ನಕ್ಕು, ಪಕ್ಕದಲ್ಲಿ ಕುಳಿತು ಅಜ್ಜಿಯ ಹಾಡಿಗೆ ಕಿವಿಗೊಟ್ಟ.

ಬಿಸಿಯೇರಿದಾಗ ಸುಮ್ಮನಾಗುವ ವಿವೇಕ ಯಂತ್ರಕ್ಕಿತ್ತು, ಮಗನಿಗೂ ಇತ್ತು, ನನಗಿರಲಿಲ್ಲ.