ಪಕ್ಕದ ಟೆಂಟಿನವರು ಎರಡನೇ ಸಲ ಬರಲಿಲ್ಲ

ಟೆಂಟಿಗೆ ಗೋಡೆ ಇರುವುದಿಲ್ಲ. ಆ ತೆಳು ಬಟ್ಟೆ ಇಬ್ಬನಿ ತಡೆಯುತ್ತದೆ, ಸೊಳ್ಳೆ ತಡೆಯುತ್ತದೆ, ಪಕ್ಕದವರ ಕಣ್ಣು ತಡೆಯುತ್ತದೆ. ಸದ್ದಿಗೆ ಮಾತ್ರ ಅದು ಇದ್ದೂ ಇಲ್ಲದಂತೆ. ಜಿಪ್ ಎಳೆದುಕೊಂಡು ಒಳಗೆ ಹೋದವರು ಕಾಣದಾದ ಕೂಡಲೇ ಅವರಿಗೆ ನಮ್ಮ ಸದ್ದೂ ಕೇಳುವುದಿಲ್ಲ ಎಂದುಕೊಂಡು, ಕಾಳಿ ನದಿಯ ದಂಡೆಯಲ್ಲಿ ಒಂದು ರಾತ್ರಿ ನಾನು ಹಲವರ ನಿದ್ದೆ ಕೆಡಿಸಿದ್ದೇನೆ. ನಿದ್ದೆಗಿಂತ ದೊಡ್ಡದನ್ನೂ ಕೆಡಿಸಿರಬಹುದು. ದಾಂಡೇಲಿ, ಜೋಯಿಡಾ, ಸಕಲೇಶಪುರ, ಗೋಕರ್ಣ ಎಂದು ಗುಂಪು ಕಟ್ಟಿಕೊಂಡು ಹೊರಡುವವರು ಹೆಚ್ಚುತ್ತಿರುವಾಗ ಇದನ್ನು ಹೇಳದೆ ಇರಬಾರದು ಅನ್ನಿಸಿತು.

ಹೆಂಡತಿಯ ತಮ್ಮನಿಗೆ ನಲವತ್ತು ತುಂಬುತ್ತಿತ್ತು. ಹುಬ್ಬಳ್ಳಿಯಿಂದ ಗಾಡಿ ಮಾಡಿಕೊಂಡು ಗಣೇಶಗುಡಿಯ ಕಡೆ ಹೋದೆವು. ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರಿನಲ್ಲಿ ರಾಫ್ಟಿಂಗ್ ನಡೆಯುವ ಊರು; ಹಕ್ಕಿ ನೋಡುವವರಿಗೂ ಅಷ್ಟೇ ಪ್ರಿಯವಾದದ್ದು. ನವೆಂಬರ್ ತಿಂಗಳು, ಗದ್ದೆಯಲ್ಲಿ ಭತ್ತ ಇನ್ನೂ ನಿಂತಿತ್ತು. ಎಲ್ಲ ಏರ್ಪಾಡು ನನ್ನದೇ. ಮುಂಗಡ ಕಳಿಸುವ ಮೊದಲು ಕ್ಯಾಂಪಿನ ಮಾಲೀಕರಿಗೆ ಫೋನ್ ಮಾಡಿ, "ರಾತ್ರಿ ಹಾಡು ಹಚ್ಚಬಹುದಲ್ರಿ?" ಎಂದು ಕೇಳಿದ್ದೆ. "ಹಚ್ರಿ ಸರ್, ನಮ್ದೇನೂ ತೊಂದ್ರಿ ಇಲ್ಲ" ಅಂದರು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಆ ದಂಡೆಯ ಮೇಲಿದ್ದ ಎಲ್ಲರ ಒಪ್ಪಿಗೆ ಸಿಕ್ಕಿತು ಎಂದೇ ತಿಳಿದೆ. ಮಾಲೀಕರು ತಮ್ಮ ಜಾಗ ಕೊಡಬಹುದು. ಪಕ್ಕದವರ ರಾತ್ರಿಯನ್ನು ನನಗೆ ಕೊಡುವ ಹಕ್ಕು ಅವರಿಗೂ ಇರಲಿಲ್ಲ.

ಊಟವಾದ ಮೇಲೆ ಬೆಂಕಿ ಹಾಕಿ ಸುತ್ತ ಕೂತೆವು. ಕೆಲವರ ಕೈಯಲ್ಲಿ ಗ್ಲಾಸು, ನಡುವೆ ಬ್ಲೂಟೂತ್ ಸ್ಪೀಕರು. ಹತ್ತೂವರೆ ಸುಮಾರಿಗೆ ಆಚೆ ಸಾಲಿನ ಟೆಂಟಿನಿಂದ ಒಬ್ಬ ಹೆಣ್ಣುಮಗಳು ಟಾರ್ಚ್ ಹಿಡಿದು ಬಂದರು. ಬೆಂಗಳೂರಿನವರು. "ಸಾರ್, ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ? ಬೆಳಗ್ಗೆ ಐದೂವರೆಗೆ ಮಂಗಟ್ಟೆ ನೋಡೋಕೆ ಹೋಗ್ಬೇಕು. ನಮ್ಮತ್ತೆಗೂ ನಿದ್ದೆ ಬರ್ತಿಲ್ಲ." ನಾನೇ ಎದ್ದು ನಿಂತು, "ಆಯ್ತ್ರಿ ಅಕ್ಕಾರ, ಕಡಿಮಿ ಮಾಡ್ತೇವಿ" ಅಂದೆ. ಮಾಡಿದೆವು ಕೂಡ. ನಾಲ್ಕು ಹಾಡು ಕಳೆಯುವಷ್ಟರಲ್ಲಿ ಮೈದುನನಿಗೆ ಪ್ರಿಯವಾದ ಹಾಡು ಬಂತು. ಯಾರೋ ಕೈ ಚಾಚಿ ಮತ್ತೆ ಏರಿಸಿದರು. ನಾನು ನೋಡಿದೆ. ಏನೂ ಹೇಳಲಿಲ್ಲ. ಆಕೆ ಇನ್ನೊಂದು ಸಲ ಬಂದರೆ ಆಗ ಇಳಿಸೋಣ ಎಂಬ ಲೆಕ್ಕ ನನ್ನ ತಲೆಯಲ್ಲಿ ಓಡಿದ್ದು ಚೆನ್ನಾಗಿ ನೆನಪಿದೆ. ಆಕೆ ಬರಲಿಲ್ಲ. ಬರದೇ ಇದ್ದದ್ದನ್ನು ಸಮ್ಮತಿ ಎಂದು ಎಣಿಸಿದೆ. ಹನ್ನೆರಡಕ್ಕೆ ಕೇಕು, ಸೀಟಿ, ಚಪ್ಪಾಳೆ. ಯಾರದೋ ಕಾರಿನ ಬಾಗಿಲು ತೆಗೆದು ಅದರೊಳಗಿನ ಹಾಡನ್ನೂ ಸೇರಿಸಿದರು.

ನನ್ನ ತಪ್ಪು ಸ್ಪೀಕರ್ ಒಯ್ದದ್ದರಲ್ಲಿ ಇರಲಿಲ್ಲ, ನಲವತ್ತನೇ ಹುಟ್ಟುಹಬ್ಬ ಮಾಡಿದ್ದರಲ್ಲೂ ಇರಲಿಲ್ಲ. ಏರಿಸಿದ ಕೈಯನ್ನು ನೋಡಿ ಸುಮ್ಮನಿದ್ದೆನಲ್ಲ, ಆ ಗಳಿಗೆಯಲ್ಲಿತ್ತು. ಕತ್ತಲಲ್ಲಿ ಒಬ್ಬ ಹೆಂಗಸು, ಗುರುತಿಲ್ಲದ, ಕುಡಿದು ಕೂತ ಗಂಡಸರ ಗುಂಪಿನ ಮುಂದೆ ಬಂದು ನಿಲ್ಲಬೇಕಾದರೆ ಎಷ್ಟು ಧೈರ್ಯ ಬೇಕು ಎಂದು ಆಮೇಲೆ ಯೋಚಿಸಿದ್ದೇನೆ. ಅದನ್ನೇ ಎರಡನೇ ಸಲ ಮಾಡುವುದು ಇನ್ನೂ ಕಷ್ಟ. ಮೊದಲ ಸಲದ ಮಾತಿಗೆ ಬೆಲೆ ಬರಲಿಲ್ಲವೆಂದು ಅಷ್ಟರಲ್ಲಿ ಗೊತ್ತಾಗಿರುತ್ತದೆ. ಒಂದು ಸಲ ಬಂದು ಕೇಳಿದವರು ಕೇಳಬೇಕಾದದ್ದನ್ನೆಲ್ಲ ಕೇಳಿಯಾಗಿದೆ. ಉಳಿದದ್ದು ನಮ್ಮ ಕೆಲಸ.

"ಅಷ್ಟೇನೂ ಜೋರಿರಲಿಲ್ಲ" ಎಂದು ಮರುದಿನ ನಮ್ಮವರೆಲ್ಲ ಅಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಗದ್ದಲದೊಳಗೆ ಕೂತವರ ಕಿವಿಗೆ ಗದ್ದಲದ ಅಳತೆ ಸಿಗುವುದಿಲ್ಲ. ನಾವು ಮಾತಾಡಲು ದನಿ ಏರಿಸುತ್ತೇವೆ, ದನಿ ಏರಿತೆಂದು ಹಾಡನ್ನೂ ಏರಿಸುತ್ತೇವೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಬಯಲಿನಲ್ಲಿ ಇಟ್ಟ ಸಣ್ಣ ಸ್ಪೀಕರಿನ ಸದ್ದು ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 90 ಡೆಸಿಬೆಲ್ ಇದ್ದರೆ 32 ಮೀಟರಿನಲ್ಲೂ 60 ಉಳಿದಿರುತ್ತದೆ, ಅಂದರೆ ಮಲಗಿದವರ ತಲೆಯ ಬಳಿ ಯಾರೋ ಕೂತು ಮಾತಾಡಿದಷ್ಟು. ಆಚೆ ಸಾಲಿನ ಟೆಂಟುಗಳು ನಮ್ಮಿಂದ ಅಷ್ಟು ದೂರವೂ ಇರಲಿಲ್ಲ. ಹಗಲಿನಲ್ಲಿ ಬಿಸಿಯಾದ ನೆಲದ ಮೇಲೆ ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ಚಳಿಗಾಲದ ರಾತ್ರಿ ನೆಲದ ಹತ್ತಿರ, ನೀರಿನ ಮೇಲೆ ತಣ್ಣನೆ ಗಾಳಿ ಕೂತಿರುತ್ತದೆ, ಅದರ ಮೇಲೆ ಬೆಚ್ಚನೆಯದು. ಆಗ ಸದ್ದು ಕೆಳಕ್ಕೆ ಬಾಗಿ ಕಣಿವೆಯುದ್ದಕ್ಕೂ ಸಾಗುತ್ತದೆ. ಅದರಲ್ಲೂ ಆ ಧಂ ಧಂ ಎನ್ನುವ ಬೇಸ್. ಹಾಡಿನ ಮಾತು, ರಾಗ ಕರಗಿಹೋಗಿ, ದೂರದವರಿಗೆ ಮುಟ್ಟುವುದು ಆ ಗುದ್ದು ಒಂದೇ.

ಹೀಗೆ ದೂರ ಎಂದರೆ ಎಷ್ಟು ದೂರ ಎಂಬುದು ಬೆಳಗ್ಗೆ ಅಡುಗೆಮನೆಯಲ್ಲಿ ತಿಳಿಯಿತು. ಚಹಾ ಕೇಳಲು ಹೋಗಿದ್ದೆ. ಬೆಂಗಳೂರಿನವರು ಆಗಲೇ ಹೊರಟುಹೋಗಿದ್ದರು. ಎರಡು ರಾತ್ರಿಗೆ ಬಂದವರು ಒಂದಕ್ಕೇ ಮುಗಿಸಿದರು ಎಂದು ಅಡುಗೆ ಮಾಡುವ ಅಕ್ಕ ಹೇಳಿದರು. ಆಕೆ ಹತ್ತಿರದ ಹಳ್ಳಿಯವರೇ. ಅವಲಕ್ಕಿ ತೊಯ್ಸುತ್ತಾ, ಸಿಟ್ಟಿಲ್ಲದ ದನಿಯಲ್ಲಿ ಅಂದರು: "ನಿಮಗ ಒಂದ್ ರಾತ್ರಿ ರೀ. ನಮಗ ಶನಿವಾರ ಬಂತಂದ್ರ ಹಿಂಗ. ಈ ವಾರ ನೀವು, ಮುಂದಿನ ವಾರ ಮತ್ತೊಬ್ರು."

ನಾನು ಸುಮ್ಮನೆ ನಿಂತಿದ್ದೆ. ಆಕೆ ಮುಂದುವರಿಸಿದರು. ಗಂಡ ಆ ತಿಂಗಳೆಲ್ಲ ಗದ್ದೆಯ ಮಾಳದಲ್ಲಿ ಮಲಗುತ್ತಾರೆ, ಹಂದಿ ಕಾಯಲು. ಕತ್ತಲಲ್ಲಿ ಕಣ್ಣಿನಿಂದ ಏನು ಕಾಯಲಾಗುತ್ತದೆ? ಕಿವಿಯಿಂದಲೇ ಕಾಯಬೇಕು. ಹಂದಿ ಬೇಲಿ ನುಗ್ಗುವಾಗ ಒಣಸೊಪ್ಪು ಮುರಿದ ಸದ್ದು, ಭತ್ತದ ತೆನೆ ಸರಿದಾಡಿದ ಸದ್ದು ಕೇಳಿದರೆ ಡಬ್ಬ ಬಡಿದು ಕೂಗು ಹಾಕುತ್ತಾರೆ. "ರಾತ್ರಿ ಅವರಿಗೇನೂ ಕೇಳಿಲ್ರಿ. ಒಂದ್ ಮೂಲಿ ಪೂರ್ತಿ ತುಳದು ಹೋಗ್ಯಾವ." ಹೇಳಿ, ನನ್ನ ಮುಖ ನೋಡಿ, "ನಿಮ್ಮಿಂದನ ಆತು ಅಂತ ಹೇಳಂಗಿಲ್ಲ ಬಿಡ್ರಿ, ಹಂದಿ ಯಾವಾಗ್ಲೂ ಬರ್ತಾವ" ಎಂದು ಸೇರಿಸಿದರು. ನನ್ನನ್ನು ಬಿಡುಗಡೆ ಮಾಡಲೆಂದೇ ಆ ಮಾತು ಆಡಿದರು. ಕೈಯಲ್ಲಿದ್ದ ಲೋಟ ಕುಡಿದು ಮುಗಿಸಲು ನನಗೆ ಆಗಲಿಲ್ಲ.

ನಮ್ಮ ಪಕ್ಕದವರು ಯಾರು ಎಂಬುದನ್ನೇ ನಾನು ತಪ್ಪು ತಿಳಿದಿದ್ದೆ. ಹಣ ಕೊಟ್ಟು ಬಂದ ಬೇರೆ ಟೆಂಟಿನವರು ಮಾತ್ರ ನೆರೆಯವರು ಎಂದುಕೊಂಡಿದ್ದೆ. ಬೆಳಗ್ಗೆ ನಮ್ಮನ್ನೇ ಬಂಡೆಗಳ ನಡುವೆ ದೋಣಿಯಲ್ಲಿ ಕರೆದೊಯ್ಯಬೇಕಾದ ಹುಡುಗರು ಅಡುಗೆಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಲಗಿದ್ದರು. ಅವರ ನಿದ್ದೆಯ ಮೇಲೆ ನಮ್ಮ ಮಕ್ಕಳ ಜೀವ ನಿಂತಿತ್ತು. ಹೊಳೆಯಾಚೆ ಮನೆಗಳಿದ್ದವು, ಗದ್ದೆಯಲ್ಲಿ ಮಾಳವಿತ್ತು, ಅದರಾಚೆ ಕಾಡು. ಕತ್ತಲೆಯಲ್ಲಿ ದೀಪ ಕಾಣದಿದ್ದರೆ ಅಲ್ಲಿ ಯಾರೂ ಇಲ್ಲ ಎನ್ನುವುದು ಊರಿನ ಬೆಳಕಿಗೆ ಒಗ್ಗಿದವರ ಲೆಕ್ಕ.

ಕಾನೂನೂ ನಮ್ಮ ಪರವಾಗಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಸುಪ್ರೀಂ ಕೋರ್ಟ್ 2005ರಲ್ಲಿ ಇದನ್ನು ಇನ್ನಷ್ಟು ಖಡಕ್ಕಾಗಿ ಹೇಳಿತು. ಖಾಸಗಿ ಜಾಗದ ಸದ್ದಿಗೂ ಅದರ ಗಡಿಯಂಚಿನಲ್ಲಿ ಮಿತಿಯಿದೆ. ಸುದ್ದಿಯಲ್ಲಿ ಓದಿದ್ದ ನನಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಮದುವೆ ಮಂಟಪಕ್ಕೆ, ಗಣೇಶನ ಪೆಂಡಾಲಿಗೆ ಅನ್ವಯವಾಗುವಂಥದ್ದು, ಕಾಡಿನ ಅಂಚಿನ ಪುಟ್ಟ ಸ್ಪೀಕರಿಗಲ್ಲ ಎಂದುಕೊಂಡಿದ್ದೆ, ಅಷ್ಟೆ.

ಆಮೇಲೂ ಹೋಗಿದ್ದೇವೆ, ಅತ್ತೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ, ಶರಾವತಿ ಹಿನ್ನೀರಿನ ಬಳಿ. ಕೇಕನ್ನು ಸಂಜೆ ಬೆಳಕಿರುವಾಗಲೇ ಕತ್ತರಿಸಿದೆವು. ಹನ್ನೆರಡು ಗಂಟೆಗೇ ಆಗಬೇಕೆಂಬ ಹಟ ಬಿಟ್ಟ ಕೂಡಲೇ ಅರ್ಧ ಸಮಸ್ಯೆ ತಾನಾಗಿ ಹೋಗುತ್ತದೆ. ಟೆಂಟು ಹಾಕುವ ಮೊದಲೇ ಅಕ್ಕಪಕ್ಕದವರ ಬಳಿ ಹೋಗಿ, "ಇವತ್ತು ನಮ್ಮ ಮನೆಯವರ ಹುಟ್ಟುಹಬ್ಬ, ಒಂಬತ್ತೂವರೆಗೆ ಮುಗಿಸ್ತೇವಿ, ಅದಕ್ಕೂ ಮೊದಲು ಮಲಗೋರಿದ್ರ ಹೇಳ್ರಿ" ಎಂದು ಕೇಳಿದೆ. ಸಣ್ಣ ಮಗುವಿದ್ದ ಒಂದು ಜೋಡಿ ಎಂಟಕ್ಕೆ ಅಂದರು. ಎಂಟಕ್ಕೇ ನಿಲ್ಲಿಸಿದೆವು. ಹಾಡು ಹಚ್ಚಿದಾಗ ನಾನು ಅತಿ ದೂರದ ಟೆಂಟಿನ ತನಕ ನಡೆದುಹೋಗಿ ನಿಂತು ಕೇಳಿದೆ. ಅಲ್ಲಿ ನಿಂತಾಗಲೇ ಗೊತ್ತಾಗುವುದು. ಬೇಸ್ ತೆಗೆದು, ಸ್ಪೀಕರನ್ನು ನಮ್ಮ ಮಧ್ಯೆ ನೆಲಕ್ಕೆ ಇಟ್ಟೆವು. ಆಮೇಲೆ ಅತ್ತೆ ತಮ್ಮ ಕಾಲದ ಸೋಬಾನೆ ಪದಗಳನ್ನು ಮೆಲ್ಲಗೆ ಹೇಳಿದರು. ಹಾಡು ಜೋರಿದ್ದಿದ್ದರೆ ಅವರು ಬಾಯಿ ತೆರೆಯುತ್ತಿರಲಿಲ್ಲ.

ಮೈದುನನಿಗೆ ಇದೆಲ್ಲ ಅತಿ ಅನ್ನಿಸುತ್ತದೆ. "ಹಿಂಗ ಪಿಸುಗುಟ್ಟೋದಾದ್ರ ಮನ್ಯಾಗ ಇರಬೇಕಿತ್ತಲ್ರಿ ಭಾವಾ" ಎಂದು ನೇರವಾಗಿಯೇ ಹೇಳಿದ. ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಮನೆಯಲ್ಲೂ ಅಪಾರ್ಟ್‌ಮೆಂಟಿನಲ್ಲೂ ಬಾಯಿ ಕಟ್ಟಿಕೊಂಡು ಬದುಕುವವರು ಒಂದು ರಾತ್ರಿ ಬಾಯ್ತುಂಬ ನಗಲೆಂದು ಊರು ಬಿಟ್ಟು ಹೋಗುತ್ತಾರೆ. ಅದಕ್ಕೆ ಹಗಲಿದೆ, ಹೊಳೆಯಿದೆ, ರಾಫ್ಟ್ ಬಂಡೆಯಿಂದ ಜಾರಿದಾಗ ಎಷ್ಟು ಕೂಗಿದರೂ ಯಾರೂ ಕೇಳುವುದಿಲ್ಲ ಎಂದೆ. ಅವನು ಒಪ್ಪಲಿಲ್ಲ, ಚರ್ಚೆ ಇನ್ನೂ ನಡೆದಿದೆ.

ಕ್ಯಾಂಪು ನಡೆಸುವವರಿಗೂ ಒಂದು ಮಾತು. ಗುಂಪುಗಳನ್ನೂ ಸಣ್ಣ ಕುಟುಂಬಗಳನ್ನೂ ಒಂದೇ ಸಾಲಿಗೆ ಹಾಕಬೇಡಿ. ರಾತ್ರಿ ಹತ್ತಕ್ಕೆ ನಿಲ್ಲಿಸಬೇಕೆಂಬುದನ್ನು ಮುಂಗಡ ತೆಗೆದುಕೊಳ್ಳುವಾಗಲೇ ಬರೆದು ಕಳಿಸಿ. ನಿಲ್ಲಿಸದ ಗುಂಪಿನ ಎದುರು ಹೋಗಿ ಹೇಳುವ ಕೆಲಸ ನಿಮ್ಮದು, ಟಾರ್ಚ್ ಹಿಡಿದು ಎದ್ದು ಬರಬೇಕಾದ ಅತಿಥಿಯದಲ್ಲ. ಶರಾವತಿಯ ಆ ಜಾಗದಲ್ಲಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಒಬ್ಬ ಹುಡುಗ ಬಂದು ಎಲ್ಲ ಗುಂಪುಗಳ ಸ್ಪೀಕರುಗಳನ್ನೂ ಕೇಳಿ ತೆಗೆದುಕೊಂಡು ಆಫೀಸಿನಲ್ಲಿಟ್ಟ. ಚೀಟಿಯ ಮೇಲೆ ಟೆಂಟಿನ ನಂಬರು ಬರೆದು ಅಂಟಿಸಿದ್ದ. ಬೆಳಗ್ಗೆ ತಿಂಡಿಯ ಹೊತ್ತಿಗೆ ವಾಪಸು ಕೊಟ್ಟ. ಯಾರೂ ಜಗಳವಾಡಲಿಲ್ಲ.